ಬಿಳಿ ಬೂಷ್ಟು ಹಿಡಿದ ಇಂಜಿನ್

ದೂಧಗಂಗಾ ಹೊಳೆಯ ನೀರು ಸದಲಗಾದ ಕೆಳಗಿನ ಓಣಿಗೆ ನುಗ್ಗಿದ ದಿನ ಮನಿಷಾ ತನ್ನ ಬೈಕನ್ನು ಮರೆತೇ ಬಿಟ್ಟಿದ್ದಳು. ತೋಟದ ಮನೆಗಳಿಗೆ ಓಡಾಡಿ ದನಗಳಿಗೆ ಸೂಜಿ ಮಾಡುವುದು ಅವಳ ಕೆಲಸ. ಅವತ್ತು ಓಣಿಯ ಎಮ್ಮೆಗಳ ಹಗ್ಗ ಬಿಚ್ಚಿ ದಿಬ್ಬಕ್ಕೆ ಹೊಡೆಯುವುದರಲ್ಲೇ ಹೊತ್ತು ಹೋಯಿತು. ನಾಲ್ಕು ದಿನಕ್ಕೆ ನೀರು ಇಳಿದಾಗ ಬೈಕು ಗೋಡೆಗೆ ಒರಗಿ ಕೆಸರಲ್ಲಿ ಹೂತು ನಿಂತಿತ್ತು.

ಗ್ಯಾರೇಜಿನ ಧನಪಾಲ ಒಳಗಿನ ನೀರು ತೆಗೆದು ಆಯಿಲ್ ಬದಲಿಸಿಕೊಟ್ಟ. ಅಷ್ಟರಲ್ಲಿ ಇಂಜಿನ್ನಿನ ಅಲ್ಯುಮಿನಿಯಂ ಮೈಗೆಲ್ಲ ತುಕ್ಕಿನ ಬಿಳಿ ಬೂಷ್ಟು ಹಿಡಿದಿತ್ತು. ಗಾಳಿಯಾಡುವ ಸಂದಿಗಳಲ್ಲಿ ಕೆಸರು ಕಲ್ಲಾಗಿತ್ತು.

“ಹಿಂಗ ಓಡಿಸಿದ್ರ ಇಂಜಿನ್ ಕಾದು ಜಾಮ್ ಆಗ್ತೈತಿ, ತಂಗಿ. ಮೈ ಉಜ್ಜಾಕ ನನಗ ಪುರಸೊತ್ತಿಲ್ಲ, ಮುಳುಗಿದ ಗಾಡಿ ಸಾಲಾಗಿ ನಿಂತಾವ. ಹದಿನೈದ ದಿನ ತಡಿ.”

“ದನಾ ತಡೀಬೇಕಲ್ರಿ ಅಣ್ಣಾ. ನೆರಿ ಇಳದ ಮ್ಯಾಲ ದನಾ ಸಾಯೂ ಗಂಟಲಬ್ಯಾನಿ ಬರ್ತೈತಿ, ಅದರೊಳಗ ಸೂಜಿ ಆಗಬೇಕ. ಹೆಂಗ ಉಜ್ಜಬೇಕ ಹೇಳ್ರಿ, ನಾನ ಉಜ್ಜತೀನಿ.”

ಧನಪಾಲ ನಕ್ಕ. ಅವಳು ನಗಲಿಲ್ಲ. ಆಮೇಲೆ ಕುಳಿತು ಎಲ್ಲ ಹೇಳಿಕೊಟ್ಟ.

ಮನಿಷಾ ಬೈಕನ್ನು ಮನೆಯಂಗಳಕ್ಕೆ ತಳ್ಳಿಕೊಂಡು ಬಂದು, ನೀರು ಒಳಗೆ ಹೋಗದಂತೆ ಕಾರ್ಬುರೇಟರಿಗೂ ಸೈಲೆನ್ಸರಿನ ಬಾಯಿಗೂ ಪ್ಲಾಸ್ಟಿಕ್ ಬಿಗಿದಳು. ಸೀಮೆಎಣ್ಣೆ ಹಚ್ಚಿ ಕೆಸರು ನೆನೆಸಿ, ಬಿದಿರಿನ ಸೀಳಿನಿಂದ ಒಂದೊಂದೇ ಸಂದಿ ಕೆರೆದಳು. ಬೂಷ್ಟು ಮಾತ್ರ ಜಗ್ಗಲಿಲ್ಲ. ಸಿಟ್ಟಿಗೆದ್ದು ಕಬ್ಬಿಣದ ಬ್ರಷ್ಷು ಹಿಡಿದು ತಿಕ್ಕಿದಳು. ಆ ಹಾದಿಯಲ್ಲೇ ಬಂದ ಧನಪಾಲ ತಡೆದ.

“ಅಲ್ಯುಮಿನಿಯಂ ಮೆತ್ತಗಿರತೈತಿ, ಗೀರ ಬೀಳ್ತಾವ. ಇದನ್ನ ತಗೊ,” ಎಂದು ತನ್ನ ಗಾಡಿಯ ಡಬ್ಬಿಯಿಂದ ಹಿತ್ತಾಳೆ ಬ್ರಷ್ಷು ತೆಗೆದುಕೊಟ್ಟ.

ಪಕ್ಕದ ಮನೆಯ ಲಕ್ಷ್ಮಿಬಾಯಿ ಹುಣಸೆಹಣ್ಣು ಕಿವುಚಿದ ನೀರು ತಂದಿಟ್ಟಳು. “ತಾಂಬ್ರದ ಕೊಡಾ ತೊಳ್ಯೂದ ಗೊತ್ತೈತಲ್ಲ, ಹಂಗ ಮಾಡ.”

ಹಚ್ಚುವುದು, ಚೂರು ಹೊತ್ತು ಬಿಡುವುದು, ತಿಕ್ಕುವುದು, ತೊಳೆಯುವುದು. ಎರಡನೆಯ ದಿನ ಉಗುರು ಮುರಿದವು. ರೊಟ್ಟಿಗೂ ಸೀಮೆಎಣ್ಣೆಯ ವಾಸನೆ ಹತ್ತಿತು. ಒಂದು ಬದಿ ಹಸನಾದರೆ ಇನ್ನೊಂದು ಬದಿ ಮತ್ತಷ್ಟು ಹೊಲಸು ಕಾಣುತ್ತಿತ್ತು. ಬಿಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಇಂಜಿನ್ನಿನ ಮೇಲೆ ಕೊರೆದ ನಂಬರು ಸ್ಪಷ್ಟವಾಗಿ ಕಂಡಿತು. ಒಣ ಬಟ್ಟೆಯಿಂದ ಒರೆಸಿ, ತುಕ್ಕು ತೆಗೆದ ಬೋಲ್ಟುಗಳಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಬಿಚ್ಚಿ ಕಿಕ್ ಹೊಡೆದಳು. ಐದನೆಯ ಕಿಕ್ಕಿಗೆ ಬೈಕು ಹೊಗೆ ಉಗುಳಿ ಚಾಲೂ ಆಯಿತು.

ಧನಪಾಲ ಬಂದು ಹತ್ತು ನಿಮಿಷ ಕಿವಿಗೊಟ್ಟು ನಿಂತು, ಇಂಜಿನ್ನಿನ ಹತ್ತಿರ ಕೈ ಹಿಡಿದು ನೋಡಿದ. “ಕಾವು ಸರಿ ಐತಿ. ಹೋಗು.”

ಲಸಿಕೆಯ ಐಸ್ ಡಬ್ಬಿ ಹಿಂದೆ ಕಟ್ಟಿಕೊಂಡು ಅವಳು ಹೊಳೆದಂಡೆಯ ಜಕ್ಕಪ್ಪನ ತೋಟಕ್ಕೆ ಹೊರಟಳು. ಹೊತ್ತು ಮುಳುಗುವುದರೊಳಗೆ ಆ ದಂಡೆಯ ನಲವತ್ತೊಂದು ದನಗಳಿಗೆ ಸೂಜಿ ಆಗಿತ್ತು.