ಮೂಗಿಗೆ ಕಟ್ಟಿದ ಬಟ್ಟೆ

ಇಂಜಿನ್ನು ನಿಂತಿತು. ಪಟ್ಟಾ ಇನ್ನೊಂದೆರಡು ಸುತ್ತು ತಿರುಗಿ ಸುಮ್ಮನಾದ ಮೇಲೂ ಗಿರಣಿಯೊಳಗಿನ ಧೂಳು ಇಳಿಯಲಿಲ್ಲ. ತಗಡಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ತೊಗರಿಯ ಹೊಟ್ಟು ಹಳದಿ ಹೊಗೆಯಂತೆ ತೇಲುತ್ತಿತ್ತು. ಹೆಂಗಸರು ಜರಡಿ ಕೆಳಗಿಟ್ಟು, ಮೂಗು ಬಾಯಿಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಜಾಡಿಸಿ, ಕೆಮ್ಮುತ್ತ ಉಗುಳುತ್ತ ನೀರಿನ ಹೌದಿನ ಕಡೆ ನಡೆದರು. ಬಟ್ಟೆ ಮುಚ್ಚಿದ್ದಷ್ಟು ಜಾಗ ಬಿಟ್ಟು ಮುಖವೆಲ್ಲ ಹಳದಿ. ಒಬ್ಬರನ್ನೊಬ್ಬರು ನೋಡಿ ದಿನಾ ನಗುವಂತೆ ಆವತ್ತೂ ನಕ್ಕರು.

ಲಲಿತಾಬಾಯಿ ಮಾತ್ರ ಬಟ್ಟೆ ಬಿಚ್ಚಲಿಲ್ಲ. ಬುತ್ತಿಯ ಗಂಟು ಎತ್ತಿಕೊಂಡು ಗಿರಣಿಯ ಹಿಂದೆ, ಖಾಲಿ ಚೀಲಗಳನ್ನು ಒಟ್ಟಿದ್ದ ಗೋಡೆಯ ಮರೆಗೆ ಹೋದಳು. ಗೋಡೆಗೆ ಮುಖ ಮಾಡಿ ಕುಳಿತು, ಬಟ್ಟೆಯನ್ನು ಗದ್ದಕ್ಕೆ ಇಳಿಸಿ ರೊಟ್ಟಿ ಮುರಿದಳು. ಆಚೆ ಬೇವಿನ ನೆರಳಿನಲ್ಲಿ ಈರಮ್ಮ ಮತ್ತು ಉಳಿದವರು ಶೇಂಗಾ ಹಿಂಡಿಯನ್ನೂ ಮನೆಯ ಸುದ್ದಿಯನ್ನೂ ಹಂಚಿಕೊಳ್ಳುವುದು ಕೇಳಿಸುತ್ತಿತ್ತು. ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಮೊದಮೊದಲು ಅದೇ ಒಳ್ಳೆಯದು ಅನಿಸಿತ್ತು.

ಅವಳ ಹೆಸರು ಲಲಿತಾಬಾಯಿ ಅಲ್ಲ, ಕುಲಸುಮಬೀ. ಔರಾದ ತಾಲೂಕಿನ ಡಾಬಕಾದ ದರ್ಜಿ ಖಾಜಾ ಮಿಯಾನ ಹೆಂಡತಿ. ಹಿಂದಿನ ಭಾದ್ರಪದದಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಸರ್ಕಾರ ಬಿತ್ತು. ಅದರ ಹಿಂದೆಯೇ ಊರೂರಿಗೆ ಗಡಬಡಿ ಹಬ್ಬಿತು. ನಿಜಾಮನ ಪರ ನಿಂತು ಊರು ಸುಟ್ಟ ರಜಾಕಾರರು ಹೊತ್ತಿಸಿ ಹೋದ ಸಿಟ್ಟು ರಜಾಕಾರನಲ್ಲದವನ ಬಾಗಿಲಿಗೂ ಬಂತು. ಒಂದು ಮಧ್ಯಾಹ್ನ ಕೆಲವರು ಬಂದು, ಚಾವಡಿಗೆ ಬಾ, ಏನೋ ಕೇಳುವುದಿದೆ ಎಂದು ಖಾಜಾ ಮಿಯಾನನ್ನು ಕರೆದೊಯ್ದರು. ಅವನು ಕೊರಳಲ್ಲಿದ್ದ ಅಳತೆಪಟ್ಟಿಯನ್ನೂ ತೆಗೆಯದೆ ಎದ್ದು ಹೋದ. ಕುಲಸುಮಬೀ ಹಿತ್ತಲಿನಿಂದ ಓಡಿ ಜೋಳದ ಹೊಲದಲ್ಲಿ ಅಡಗಿದಳು. ಮರುದಿನ ಬಂದು ನೋಡಿದರೆ ಮನೆಗೆ ಬಾಗಿಲೇ ಇರಲಿಲ್ಲ, ಒಳಗೆ ಹೊಲಿಗೆ ಮಶೀನೂ ಇರಲಿಲ್ಲ. ಗಂಡ ಬರಲಿಲ್ಲ. ಸತ್ತನೆಂದೂ ಯಾರೂ ಹೇಳಲಿಲ್ಲ.

ಬೀದರಿನಲ್ಲಿದ್ದ ಚಿಕ್ಕಪ್ಪನ ಮನೆಗೆ ಬೀಗ ಬಿದ್ದಿತ್ತು. ಅಲ್ಲಿಂದ ರೈಲು ಹತ್ತಿದವಳು ಭಾಲ್ಕಿಯಲ್ಲಿ ಇಳಿದು, ಯಾರ ಗುರುತೂ ಇಲ್ಲದ ಊರೇ ವಾಸಿ ಎಂದು ಉಳಿದುಬಿಟ್ಟಳು. ಬುರ್ಖಾ ಡಾಬಕಾದ ಮನೆಯ ಜೊತೆಗೇ ಹೋಗಿತ್ತು. ಮುಸಲ್ಮಾನರ ಹೆಂಗಸೆಂದು ಸಾರುವಂತೆ ಕಿವಿಯ ಅಂಚಿನುದ್ದಕ್ಕೂ ಇದ್ದ ಬಾಲಿಗಳನ್ನು ತೆಗೆದು, ತೂತುಗಳ ಮೇಲೆ ಸೆರಗು ಹೊದ್ದು ಬೇಳೆ ಗಿರಣಿಗೆ ಹೋದಾಗ ಆಳುಗಳ ಮೇಲ್ವಿಚಾರಕ, ಮುಕಾದಮ ಕಾಶೀರಾಮ ಹೆಸರು ಕೇಳಿದ. ಬಾಯಿಗೆ ಬಂದ ಹೆಸರು ಹೇಳಿದಳು, ಲಲಿತಾಬಾಯಿ. ಅವನು ಅವಳ ಬರಿ ಹಣೆ ನೋಡಿದ.

"ಗಂಡ ಇಲ್ಲೇನವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಹೆಸರು ಬದಲಿಸಿದ್ದಕ್ಕಿಂತ ಹಾಗೆ ತಲೆಯಾಡಿಸಿದ್ದೇ ಬಹಳ ದಿನ ಅವಳನ್ನು ಸುಟ್ಟಿತು.

"ಮೂಗಿಗಿ ಬಟ್ಟಿ ಕಟ್ಗೊ. ಇಲ್ಲಾಂದ್ರ ಎದಿ ಹಿಡೀತದ," ಎಂದ ಕಾಶೀರಾಮ.

ಹಳೆಯ ಓಢಣಿ ಹರಿದು ಎರಡು ಮಡಿಕೆ ಮಾಡಿ ಕಟ್ಟಿಕೊಂಡಳು. ಅದರ ಹಿಂದೆ ಉಸಿರು ಬಿಸಿಯಾಗಿ ಮುಖಕ್ಕೇ ಬಡಿಯುತ್ತಿತ್ತು. ಆದರೆ ಬಟ್ಟೆ ಕಟ್ಟಿದವಳು ಮಾತಾಡಬೇಕೆಂದು ಯಾರೂ ಬಯಸುವುದಿಲ್ಲ, ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸುವುದೂ ಇಲ್ಲ. ಚಳಿಗಾಲ ಕಳೆಯಿತು. ಗಿರಣಿ ಬಿಟ್ಟ ಮೇಲೂ ಅವಳು ಬಟ್ಟೆ ಬಿಚ್ಚದೆ ಬಜಾರು ದಾಟಿ ಸ್ಟೇಷನ್ನಿನ ಹಿಂದಿನ ತನ್ನ ಕೋಣೆಗೆ ಹೋಗುತ್ತಿದ್ದಳು. ಅಲ್ಲಿ ಒಲೆ ಹೊತ್ತಿಸಿ, ಒಬ್ಬಳೇ ಕುಳಿತು, ಒಮ್ಮೊಮ್ಮೆ ತನ್ನ ಹೆಸರನ್ನು ತಾನೇ ಮೆಲ್ಲಗೆ ಕರೆದುಕೊಳ್ಳುತ್ತಿದ್ದಳು. ಕೇಳಿದರೆ ಬೇರೆ ಯಾರದೋ ಹೆಸರಿನಂತೆ ಇರುತ್ತಿತ್ತು.

ಆವತ್ತು ಊಟದ ನಂತರ ಇಂಜಿನ್ನು ಮತ್ತೆ ಶುರುವಾಗಿ ಸ್ವಲ್ಪ ಹೊತ್ತಾಗಿರಬೇಕು. ಹೊಟ್ಟು ತುಂಬುವ ಕೋಣೆಯ ಹಲಗೆಯ ಗೋಡೆ ಲಟ್ಟೆಂದು ಮುರಿದು, ಆಳೆತ್ತರದ ರಾಶಿ ಒಮ್ಮೆಲೇ ಗಿರಣಿಯೊಳಕ್ಕೆ ಕುಸಿಯಿತು. ಹಗಲೇ ಕತ್ತಲಾಯಿತು. ಕೈ ಚಾಚಿದರೆ ಕೈ ಕಾಣದು. ಹೆಂಗಸರು ಕಿರುಚುತ್ತ ಬಾಗಿಲಿಗೆ ನುಗ್ಗಿದರು. ಹೊರಗೆ ಬಂದು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಯಾರೋ ಕೂಗಿದರು: "ಈರಮ್ಮ ಎಲ್ಲಿ? ಈರಮ್ಮ ಬರಲಿಲ್ಲ!"

ಬಾಗಿಲಿನಿಂದ ಧೂಳು ಹೊಳೆಯಂತೆ ಹೊರಬರುತ್ತಿತ್ತು. ಕಾಶೀರಾಮ ಇಂಜಿನ್ನು ನಿಲ್ಲಿಸಲು ಆ ಕಡೆ ಓಡಿದ್ದ. ಒಳಗೆ ಹೋಗಲು ಯಾರ ಕಾಲೂ ಏಳಲಿಲ್ಲ. ಕುಲಸುಮಬೀ ಮುಖದ ಬಟ್ಟೆ ಬಿಚ್ಚಿ ಹೌದಿನಲ್ಲಿ ಅದ್ದಿ, ಮತ್ತೆ ಕಟ್ಟಿಕೊಂಡು ಒಳಗೆ ಹೋದಳು.

ಈರಮ್ಮ ಜರಡಿಗಳ ಹತ್ತಿರ ಬೋರಲು ಬಿದ್ದಿದ್ದಳು. ಅವಳ ಬಟ್ಟೆ ಎಲ್ಲೋ ಕಳಚಿಹೋಗಿ ಬಾಯಿ ತುಂಬ ಹೊಟ್ಟು. ಕುಲಸುಮಬೀ ಬೆರಳು ಹಾಕಿ ಬಾಯಿ ಬಳಿದು, ತನ್ನ ಒದ್ದೆ ಬಟ್ಟೆಯನ್ನೇ ಬಿಚ್ಚಿ ಅವಳ ಮುಖಕ್ಕೆ ಸುತ್ತಿದಳು. ತಾನು ಉಸಿರು ಹಿಡಿದು, ಅವಳ ಎರಡೂ ರಟ್ಟೆ ಹಿಡಿದು ಎಳೆದಳು. ಈರಮ್ಮ ಮೈಯುಳ್ಳ ಹೆಂಗಸು. ಬಾಗಿಲವರೆಗೆ ಹೇಗೆ ಎಳೆತಂದಳೋ ಕುಲಸುಮಬೀಗೇ ತಿಳಿಯಲಿಲ್ಲ.

"ಯಾ ಅಲ್ಲಾ! ಉಠೋ ಮಾ, ಸಾಂಸ ಲೇವ, ಉಠೋ!" ಏಳು, ಉಸಿರೆಳೆದುಕೊ ಎಂದು ತನ್ನ ಮನೆಮಾತಿನಲ್ಲೇ ಕೂಗುತ್ತ ಈರಮ್ಮನ ಬೆನ್ನಿಗೆ ಗುದ್ದುತ್ತಲೇ ಇದ್ದಳು. ಈರಮ್ಮ ಒಮ್ಮೆ ಬಿಕ್ಕಿ, ಹಳದಿಯಾಗಿ ವಾಂತಿ ಮಾಡಿ, ಉಸಿರೆಳೆದಳು.

ಆಗ ಕುಲಸುಮಬೀಗೆ ಎಚ್ಚರವಾಯಿತು. ಮುಖ ಬಯಲಾಗಿತ್ತು. ಸೆರಗು ತಲೆಯಿಂದ ಜಾರಿ ಕಿವಿಯ ತೂತುಗಳು ಕಾಣುತ್ತಿದ್ದವು. ಆಡಿದ ಮಾತು ಎಲ್ಲರಿಗೂ ಕೇಳಿಸಿತ್ತು. ಸುತ್ತ ನಿಂತವರ ಕಡೆ ನೋಡದೆ ಸೆರಗೆಳೆದುಕೊಂಡು ಎದ್ದಳು; ಬುತ್ತಿಯ ಗಂಟನ್ನೂ ತೆಗೆದುಕೊಳ್ಳದೆ ಗೇಟಿನ ಕಡೆ ಹೊರಟಳು.

"ಕುಲಸುಮಬೀ," ಎಂದು ಕರೆದಳು ಈರಮ್ಮ. "ನಿಂದರು."

ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಬಾಯಲ್ಲಿ ಆ ಹೆಸರು. ಅವಳ ಕಾಲು ತಾನೇ ನಿಂತಿತು.

"ನಿಮಗ ಹ್ಯಾಂಗ ಗೊತ್ತು?"

"ಡಾಬಕಾ ನನ್ನ ತವರಮನಿ. ಪಂಚಮಿಗಿ ಹೋದಾಗೆಲ್ಲ ನಿಮ್ಮ ಮನಿಗಿ ಕುಬಸ ಹೊಲಸ್ಲಿಕ್ಕಿ ಬರ್ತಿದ್ದೆ. ನೀ ಇಲ್ಲಿಗಿ ಬಂದ ದಿನಾನೇ ಕಣ್ಣ ನೋಡಿ ಗುರ್ತ ಹಿಡದೆ."

ದರ್ಜಿಯ ಬಾಗಿಲಿಗೆ ಬಂದು ಹೋಗುವ ಎಷ್ಟೋ ಹೆಂಗಸರಲ್ಲಿ ಒಬ್ಬಳು. ಕುಲಸುಮಬೀಗೆ ನೆನಪೇ ಇರಲಿಲ್ಲ. ಅವಳು ಉಳಿದವರ ಮುಖ ನೋಡಿದಳು. ಯಾರ ಮುಖದಲ್ಲೂ ಬೆರಗಿರಲಿಲ್ಲ.

"ಇವರಿಗೆಲ್ಲಾ?"

"ಎಲ್ಲಾರಿಗೂ ಗೊತ್ತದ. ಹೌದಿನ ಹತ್ರ ನೀರ ಕುಡಿಯೋ ಮುಂದ ಬಿಸ್ಮಿಲ್ಲಾ ಅಂತಿ ನೀ."

"ಮತ್ತ ಯಾಕ ಒಂದ ಮಾತ ಆಡಸ್ಲಿಲ್ಲ?" ಕುಲಸುಮಬೀಯ ಧ್ವನಿ ಒಡೆಯಿತು. "ದಿನಾ ಆ ಗೋಡಿ ಮಾರಿ ನೋಡ್ಕೋತ ಉಂಡೇನಿ ಅಕ್ಕಾ. ಗೋಡಿ ಮಾರಿ!"

ಈರಮ್ಮ ತಲೆ ತಗ್ಗಿಸಿದಳು. "ಇವರ ಸುದ್ದಿ ಬ್ಯಾರೆ, ನೀನೇ ಬಚ್ಚಿಟ್ಕೊಂಡಿ ಅಂತ ಸುಮ್ಮನಿದ್ರು. ನಾ ಹ್ಯಾಂಗ ಮಾತಾಡ್ಲಿ ಬೀ? ನಿನ್ನ ಹೊಲಿಗಿ ಮಶೀನ ನಮ್ಮಣ್ಣನ ಮನ್ಯಾಗ ಅದ."

ಕುಲಸುಮಬೀ ಅಲ್ಲಿಯೇ ನೆಲದ ಮೇಲೆ ಕುಳಿತಳು. ಅಲ್ಲಿಂದಲೇ ಕೇಳಿದಳು, "ನಮ್ಮ ಮನಿಯವರನ್ನ ಎಲ್ಲಿಗಿ ಒಯ್ದರು?"

"ನಾ ಕೇಳಿಲ್ಲ. ಕೇಳಿದ್ರ ನಮ್ಮಣ್ಣ ಏನ ಹೇಳ್ತಾನೋ ಅಂತ ಅಂಜಿಕಿ."

ಮರುದಿನ ಅವಳು ಕೆಲಸಕ್ಕೆ ಬಂದಳು. ಕಾಶೀರಾಮ ಎಂದಿನಂತೆ ಜರಡಿ ಕೊಟ್ಟ. ಊಟದ ಹೊತ್ತಿಗೆ ಹೆಂಗಸರು ಬೇವಿನ ಕೆಳಗಿನಿಂದ ಕರೆದರು, ಅವಳು ಹೋಗಲಿಲ್ಲ. ಕೆಲವು ದಿನ ಕಳೆದ ಮೇಲೆ ಈರಮ್ಮನೇ ಬುತ್ತಿ ಹಿಡಿದು ಚೀಲಗಳ ಮರೆಗೆ ಬಂದು, ಮಾರು ದೂರದಲ್ಲಿ ಕುಳಿತಳು. ಇಬ್ಬರೂ ತಮ್ಮ ತಮ್ಮ ಬುತ್ತಿ ಬಿಚ್ಚಿ ಉಂಡರು. ಹಾಗೆ ಎಷ್ಟೋ ದಿನ ನಡೆಯಿತು.

ಮೃಗಶಿರಾ ಮಳೆಗೆ ಮುಂಚೆ, ರಜೆಯ ದಿನ, ಅವಳ ಕೋಣೆಯ ಮುಂದೆ ಎತ್ತಿನ ಬಂಡಿ ನಿಂತಿತು. ಡಾಬಕಾದಿಂದ ಸಂತಪುರದ ಮೇಲೆ ಹಾದು ಬಂದ ಬಂಡಿ. ಹುಲ್ಲಿನ ಮೇಲೆ ಗೋಣಿ ಸುತ್ತಿದ ಮಶೀನು. ಹೊಡೆದುಕೊಂಡು ಬಂದವನು ಈರಮ್ಮನ ಅಣ್ಣ ಶಿವರಾಜಪ್ಪ; ಈರಮ್ಮನೇ ಹೇಳಿಕಳಿಸಿರಬೇಕು. ರುಮಾಲಿನ ತುದಿಯನ್ನು ಮೂಗು ಬಾಯಿಗೆ ಸುತ್ತಿಕೊಂಡಿದ್ದ. ದಾರಿಯ ಧೂಳಿಗೇ ಇರಬೇಕು. ಬಂಡಿ ನಿಂತ ಮೇಲೂ ತೆಗೆಯಲಿಲ್ಲ.

ಮಶೀನು ಇಳಿಸಿ ಹೊಸ್ತಿಲೊಳಗೆ ಇಟ್ಟ. ಕುಲಸುಮಬೀ ಬಾಗಿಲಲ್ಲಿ ಅಡ್ಡ ನಿಂತಳು.

"ಶಿವರಾಜಪ್ಪಣ್ಣಾ, ಅವರನ್ನ ಎಲ್ಲಿಗಿ ಒಯ್ದರು? ಅದೊಂದ ಹೇಳ್ರಿ. ಮತ್ತೇನೂ ಕೇಳಂಗಿಲ್ಲ."

ಅವನು ಎತ್ತಿನ ಕಡೆ ನೋಡಿದ. "ಚಾವಡಿತನಕ ನಾ ಇದ್ದೆ," ಎಂದ. ರುಮಾಲಿನ ತುದಿಯನ್ನು ಇನ್ನಷ್ಟು ಬಿಗಿದುಕೊಂಡ. "ಆಮ್ಯಾಲ ನಾ ಮನಿಗಿ ಬಂದೆ ಬೀ."

ಬಂಡಿ ಸ್ಟೇಷನ್ನಿನ ರಸ್ತೆಗೆ ತಿರುಗುವವರೆಗೂ ಅವಳು ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಬಂದು ಗೋಣಿ ಬಿಚ್ಚಿದಳು. ಶಿವರಾಜಪ್ಪನ ಮನೆಯಲ್ಲಿ ಯಾರಿಗೂ ಹೊಲಿಯಲು ಬರುತ್ತಿರಲಿಲ್ಲವೇನೋ. ಮಶೀನನ್ನು ಯಾರೂ ಮುಟ್ಟಿದಂತಿರಲಿಲ್ಲ. ಸೂಜಿಯ ಕಣ್ಣಿನಲ್ಲಿ ಹಸಿರು ನೂಲು ಹಾಗೇ ಇತ್ತು. ಕಿಟಕಿಯ ಬೆಳಕಿಗೆ ಬಾಗಿ ಅದನ್ನು ನೋಡಿದಳು. ಆ ದಿನ ಗಂಡ ಯಾರ ಕುಬಸಕ್ಕೆ ಆ ನೂಲು ಏರಿಸಿದ್ದನೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.