ಟೈಲರಕ್ಕನ ಗೇಟಿನ ನೋಟಿಸು

ಆ ಬೇಸಿಗೆಯಲ್ಲಿ ನೂರಾ ಹನ್ನೊಂದು ದಿನ ಮಳೆ ಬಂದಿರಲಿಲ್ಲ. ತೋಟಗಳಿಗೆ ನಲ್ಲಿ ನೀರು ಬಿಡಬಾರದೆಂದು ನಮ್ಮ ನೀರು ಸರಬರಾಜು ಕಚೇರಿ ಆದೇಶ ಹೊರಡಿಸಿತ್ತು. ಅದನ್ನು ಜಾರಿ ಮಾಡುವ ಇನ್‌ಸ್ಪೆಕ್ಟರ್ ನಾನು. ಮೊದಲು ನಮ್ಮ ಮನೆಯಲ್ಲೇ ಜಾರಿ ಮಾಡಿದೆ. ಹೆಂಡತಿಯ ಗುಲಾಬಿ ಗಿಡಗಳು ಒಣಗಿ ಪೊರಕೆ ಕಡ್ಡಿಗಳಾದವು.

ಬೀದಿಯಲ್ಲಿ ಹಸಿರಾಗಿ ಉಳಿದದ್ದು ಎರಡು ಮನೆ ಆಚೆಯ ಟೈಲರಕ್ಕನ ಹಿತ್ತಲು ಮಾತ್ರ.

“ಮನೇಲಿ ಹುಲಿ, ಬೀದೀಲಿ ಇಲಿ ಕಣ್ರೀ ನೀವು,” ಎಂದಳು ಹೆಂಡತಿ. “ಹೋಗಿ, ಆ ಹೀರೆಬಳ್ಳಿ ನೋಡ್ಕೊಂಡು ಬನ್ನಿ.”

ಹೋದೆ. ಕಾಂಪೌಂಡಿನ ಮೇಲಿಂದ ಇಣುಕಿದೆ. ಬಳ್ಳಿಯಲ್ಲಿ ಒಂಬತ್ತು ಕಾಯಿ ತೂಗುತ್ತಿದ್ದವು. ಮೀಟರ್ ಗೇಟಿನ ಪಕ್ಕದಲ್ಲೇ ನೆಲದಲ್ಲಿತ್ತು. ಓದಲು ಬಗ್ಗಬೇಕಿತ್ತು. ಬಗ್ಗಲಿಲ್ಲ.

“ಸ್ನಾನದ ನೀರು, ಪಾತ್ರೆ ತೊಳೆದ ನೀರು ಅಣ್ಣ. ಬನ್ನಿ, ತೋರಿಸ್ತೀನಿ,” ಎಂದಳು ಟೈಲರಕ್ಕ.

“ಎಲ್ಲರೂ ಹೇಳೋದು ಅದೇ, ಬಿಡಿ.”

ನಿಂತಲ್ಲಿಂದಲೇ ಉದ್ದ ಕೀಲಿಯಿಂದ ವಾಲ್ವ್ ಮುಚ್ಚಿದೆ. ಗೇಟಿಗೆ ನೋಟಿಸು ಅಂಟಿಸಿದೆ: “ನಿಷೇಧ ಮೀರಿ ತೋಟಕ್ಕೆ ನೀರು ಬಳಕೆ. ಸಂಪರ್ಕ ಕಡಿತ.”

ಹನ್ನೆರಡು ದಿನ ಆಕೆ ಮತ್ತು ಆಕೆಯ ತಂಗಿ ಬೀದಿ ಕೊನೆಯ ನಲ್ಲಿಯಿಂದ ಕೊಡ ಹೊತ್ತರು. “ಏನಕ್ಕ, ಕದ್ದಿದ್ದೆಲ್ಲ ಖಾಲಿ ಆಯ್ತಾ?” ಎಂದು ಎದುರು ಮನೆಯ ನಿವೃತ್ತ ಕಂಡಕ್ಟರ್ ಕಟ್ಟೆಯ ಮೇಲಿಂದಲೇ ಕೇಳಿದರು. ಹೊಲಿಯಲು ಬಟ್ಟೆ ಕೊಟ್ಟಿದ್ದ ಇಬ್ಬರು ಕತ್ತರಿ ಹಾಕುವ ಮೊದಲೇ ವಾಪಸ್ ಒಯ್ದರು. ನಮ್ಮ ಮನೆಯಲ್ಲಿ ಹೆಂಡತಿ ನನ್ನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು. ಉಂಡೆ.

ಹನ್ನೆರಡನೆಯ ದಿನ ಮಧ್ಯಾಹ್ನ ಎರಡು ಗಂಟೆ ಕಾಲ ಮಳೆ ಹೊಯ್ಯಿತು. ಮರುದಿನ ಬೆಳಗ್ಗೆ ನೋಡಿದರೆ ನಮ್ಮ ಕಡ್ಡಿಗಳ ಗೆಣ್ಣಿನಲ್ಲೂ ಅಕ್ಕಿಕಾಳಿನಷ್ಟು ಕೆಂಪು ಚಿಗುರು. ಎಲ್ಲರ ಅಂಗಳವೂ ಹಸಿರಾದರೆ ಯಾರ ಹಸಿರನ್ನು ಯಾರು ಕೇಳುತ್ತಾರೆ? ಸದ್ಯ, ಮುಗಿಯಿತು ಎಂದುಕೊಂಡು ಆಕೆಯ ವಾಲ್ವ್ ತೆರೆಯಲು ಹೊರಟೆ.

ಮಳೆಯ ಕೆಸರು ತುಂಬಿದ್ದ ವಾಲ್ವಿಗೆ ಉದ್ದ ಕೀಲಿ ಹಿಡಿಯಲಿಲ್ಲ, ಕೈಯಿಂದ ತಿರುಗಿಸಲು ಬಗ್ಗಲೇಬೇಕಾಯಿತು. ಮೀಟರ್ ಕಣ್ಣೆದುರಿಗೆ ಬಂತು. ತಿಂಗಳಿಗೆ ಮನೆಯೊಂದಕ್ಕೆ ಹತ್ತು ಸಾವಿರ ಲೀಟರ್ ಮಿತಿ. ನಾನು ಕಡಿಯುವ ಮುಂಚಿನ ಇಡೀ ತಿಂಗಳಲ್ಲಿ ಆಕೆ ಬಳಸಿದ್ದು ನಾಲ್ಕು ಸಾವಿರ. ರೀಡಿಂಗ್ ಪುಸ್ತಕ ತೆಗೆದು ಎರಡು ಸಲ ತಾಳೆ ನೋಡಿದೆ. ನಮ್ಮ ಮನೆಯದೇ ಏಳು ಸಾವಿರವಿತ್ತು.

ಹಿತ್ತಲಿಗೆ ಹೋದೆ. ಬಚ್ಚಲಿನ ತೂಬಿನ ಕೆಳಗೆ ಜಲ್ಲಿ, ಇದ್ದಿಲು ತುಂಬಿದ ಗುಂಡಿ. ಅಲ್ಲಿಂದ ಒಡೆದ ಹೆಂಚು ಜೋಡಿಸಿ ಮಾಡಿದ ಕಾಲುವೆ ಗಿಡಗಳ ಬುಡಕ್ಕೆ ಹೋಗಿತ್ತು. ಟೊಮ್ಯಾಟೊ ತಲೆಯೆತ್ತಿತ್ತು. ಹೀರೆಬಳ್ಳಿ ಎತ್ತಿರಲಿಲ್ಲ, ನಲ್ಲಿ ನಿಂತ ಮೇಲೆ ಬಚ್ಚಲ ನೀರೂ ನಿಂತಿತ್ತು.

“ಮಳೆ ಎಲ್ಲ ಸರಿ ಮಾಡ್ತು ಅಕ್ಕ,” ಎಂದೆ.

“ಗಿಡ ಸರಿ ಮಾಡ್ತು,” ಎಂದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. “ನಿಮ್ಮ ಕಾಗದ ಕಿತ್ತಿದ್ದೂ ಮಳೇನೇ, ನೀವಲ್ಲ. ಬೀದಿಯವರು ಓದಿದ್ದು ಮಾತ್ರ ನಿಮ್ಮ ಕೈಬರಹ. ಇನ್ನೊಂದು ಬರೀರಿ.”

ಬಟ್ಟೆಯ ಅಳತೆ ಗುರುತು ಹಾಕಿ ಕತ್ತರಿಸುವ ಕಂದು ಕಾಗದ ಕೊಟ್ಟಳು. ಬರೆದೆ: “ಪರಿಶೀಲನೆಯಲ್ಲಿ ಲೋಪ ಕಂಡುಬಂದಿರುತ್ತದೆ.”

“ಯಾರ ಲೋಪ? ಮೀಟರ್ ತಾನೇ ತಪ್ಪು ಮಾಡ್ತು ಅಂದ್ಕೋತಾರೆ.”

ಇನ್ನೊಂದು ಹಾಳೆ ತೆಗೆದುಕೊಂಡೆ. “ಈ ಮನೆಯವರು ನಿಷೇಧ ಮೀರಿಲ್ಲ. ನಾನು ಮೀಟರ್ ಓದದೆ ಸಂಪರ್ಕ ಕಡಿದೆ.” ಸಹಿ ಹಾಕಿದೆ.

“ಯಾಕಣ್ಣ ಓದಲಿಲ್ಲ?”

ತಲೆ ಎತ್ತಲಾಗಲಿಲ್ಲ. “ನಮ್ಮ ಗಿಡ ಒಣಗಿತ್ತು. ಮನೇಲಿ ಮಾತು ಕೇಳಿ ಕೇಳಿ…”

ಅದನ್ನೂ ಬರೆಯಲು ಪೆನ್ನು ಊರಿದೆ. ಆಕೆ ಕಾಗದ ಎಳೆದುಕೊಂಡಳು.

“ಅದು ಬೇಡ. ನಿಮ್ಮ ಮನೆಯವರು ಇದೇ ಬೀದೀಲಿ ಓಡಾಡಬೇಕು.”

ಆಕೆಯೂ ಇದೇ ಬೀದಿಯಲ್ಲಿ ಓಡಾಡಬೇಕೆಂಬುದು ನನಗೆ ಹನ್ನೆರಡು ದಿನವೂ ಹೊಳೆದಿರಲಿಲ್ಲ.

ಅಂಟಿಸಿದೆ. ಕಂಡಕ್ಟರ್ ಕಟ್ಟೆ ಇಳಿದು ಬಂದು ಸ್ಟಾಪುಗಳ ಹೆಸರು ಕೂಗುವ ದನಿಯಲ್ಲಿ ಓದತೊಡಗಿದರು. ನಮ್ಮ ಗೇಟು ತೆರೆದ ಸದ್ದಾಯಿತು. ಹೆಂಡತಿ ಹೊರಗೆ ಬಂದಿದ್ದಳು. ಕಂಡಕ್ಟರ್ ನನ್ನ ಸಹಿಯವರೆಗೆ ಓದಿ ಮುಗಿಸುವ ತನಕ ನಾನು ಅಲ್ಲೇ ನಿಂತಿದ್ದೆ.