ಏರಿನಲ್ಲಿ ಎದ್ದ ಇಂಜಿನ್

ಕೊಂಡರೆ ಎಲೆಕ್ಟ್ರಿಕ್ ಕಾರನ್ನೇ ಕೊಳ್ಳಬೇಕೆಂದು ಗಂಡ ಹಟ ಹಿಡಿದಾಗ ನರ್ಸಮ್ಮನ ಎದೆ ಧಸಕ್ಕೆಂದಿತು. ಬೇರೆ ಯಾರ ಗಂಡನಾದರೂ ಹಾಗೆಂದಿದ್ದರೆ ಒಪ್ಪಿ ಸುಮ್ಮನಾಗಬಹುದಿತ್ತು. ಈತ ಇಂಜಿನ್ ರಿಪೇರಿಯ ಮೇಸ್ತ್ರಿ. ಬಾನೆಟ್ ಎತ್ತುವ ಮೊದಲೇ ಬರೀ ಸದ್ದು ಕೇಳಿ ಗಾಡಿಯ ರೋಗ ಹೇಳುವವನು. ಗಿರಾಕಿಗಳು ಇಟ್ಟ ಹೆಸರೇ ಕಿವಿಮೇಸ್ತ್ರಿ. ಅಂಥವನು ಇಂಜಿನ್ನೇ ಇಲ್ಲದ ಗಾಡಿ ತಗೋ ಎನ್ನುವುದೆಂದರೆ, ಅಡುಗೆಯವನು ಹೆಂಡತಿಗೆ ಹೋಟೆಲಿಗೆ ಹೋಗಿ ಉಣ್ಣು ಎಂದ ಹಾಗೆ.

ಕಾರು ಬೇಕಾಗಿದ್ದದ್ದು ಅವಳಿಗೇ. ಮನೆಯಿಂದ ಆಸ್ಪತ್ರೆಗೆ ದಿನಾ ಗುಡ್ಡ ಹತ್ತಿ ಇಳಿಯಬೇಕು. ಹಳೆಯ ಪೆಟ್ರೋಲ್ ಕಾರು ಹೋದ ತಿಂಗಳು ಏರಿನ ತಿರುವಿನಲ್ಲೇ ಬೆಲ್ಟ್ ಹರಿದುಕೊಂಡು ನಿಂತುಬಿಟ್ಟಿತ್ತು. ಹಿಂದಿನ ಲಾರಿಯವನು ಗಕ್ಕನೆ ಬ್ರೇಕ್ ಹಾಕಿದ್ದರಿಂದ ಬದುಕಿಕೊಂಡಿದ್ದಳು. ಅವತ್ತಿನಿಂದ ಮೇಸ್ತ್ರಿ ಮಂಕಾಗಿದ್ದ. ಊಟಕ್ಕೆ ಕೂತರೂ ಅದೇ ಮಾತು.

“ಎಲೆಕ್ಟ್ರಿಕ್ ತಗೋ. ಬೆಲ್ಟೂ ಇಲ್ಲ, ರಗಳೆಯೂ ಇಲ್ಲ.”

“ಹೈಬ್ರಿಡ್ ತಗೊಳ್ಳೋಣ ರೀ. ಬ್ಯಾಟರಿನೂ ಇರುತ್ತೆ, ಇಂಜಿನ್ನೂ ಇರುತ್ತೆ. ಇಂಜಿನ್ ಕೈಕೊಟ್ರೆ ನೀವಿದ್ದೀರಲ್ಲ.”

“ನನ್ನ ನಂಬ್ಕೊಂಡು ಕಾರ್ ತಗೋಬೇಡ ಕಣೇ,” ಎಂದು ಅವನು ಊಟ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಆ ಮಾತು ಅವಳ ನಿದ್ದೆ ಕೆಡಿಸಿತು. ಗ್ಯಾರೇಜು ಮುಚ್ಚುವ ಯೋಚನೆಯೇ? ಇಲ್ಲ, ದೊಡ್ಡ ಕಾಯಿಲೆ ಏನಾದರೂ ಬಂದು, ತಾನಿಲ್ಲದ ಕಾಲಕ್ಕೆ ಈಗಲೇ ಅಣಿಮಾಡುತ್ತಿದ್ದಾನೆಯೇ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಹಣೆಬರಹವೇ ಇಷ್ಟು, ಮನೆಯವರು ಸೀನಿದರೂ ಕಣ್ಣಮುಂದೆ ವಾರ್ಡೇ ಬರುತ್ತದೆ. ಏನಾಗಿದೆ ಹೇಳಿ ಎಂದು ಕೇಳಿದರೆ ಗಂಡ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

ಕೊನೆಗೆ ರಜೆಯ ದಿನ ಇಬ್ಬರೂ ಷೋರೂಮಿಗೆ ಹೋದರು. ಮೊದಲು ಎಲೆಕ್ಟ್ರಿಕ್ ಓಡಿಸಿ ನೋಡಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗುಡ್ಡ ಹತ್ತಿತು. “ಇದೇ ಆಯ್ತು, ನಡಿ ಮನೆಗೆ,” ಎಂದ ಮೇಸ್ತ್ರಿ. ಅವಳು ಬಿಡಬೇಕಲ್ಲ! ಹೈಬ್ರಿಡ್ಡೂ ನೋಡಲೇಬೇಕೆಂದು ಸ್ಟೀರಿಂಗ್ ಹಿಡಿದು ಕೂತಳು. ಗಂಡ ಪಕ್ಕದಲ್ಲಿ, ಕಾರು ಮಾರುವ ಹೆಂಗಸು ಹಿಂದಿನ ಸೀಟಿನಲ್ಲಿ.

ಸಮತಟ್ಟು ರಸ್ತೆಯಲ್ಲಿ ಕಾರು ಬ್ಯಾಟರಿಯ ಮೇಲೆ ಮೆಲ್ಲಗೆ ಸಾಗಿತು. ಏರು ಬಂದಾಗ ಅವಳು ಆಕ್ಸಿಲರೇಟರ್ ಒತ್ತಿದಳು. ಮುಂದೆ ಇಂಜಿನ್ ಎದ್ದು ಗೊರಗೊರ ಎಂದಿತು. ಹೊಸ ಕಾರು, ಸೀಟಿಗೆ ನಡುಕ ತಟ್ಟಲಿಲ್ಲ ನಿಜ, ಆದರೆ ಸದ್ದೇನು ಸಣ್ಣದಲ್ಲ. ಹಿಂದೆ ಕೂತಾಕೆ ತಾನಾಗಿಯೇ, “ಏರಿನಲ್ಲಿ ಇಷ್ಟು ಸದ್ದು ಇದ್ದದ್ದೇ ಮೇಡಂ, ಹೆದರ್ಬೇಡಿ,” ಎಂದು ಸಮಾಧಾನ ಹೇಳಿದಳು.

ಮೇಸ್ತ್ರಿ ರಸ್ತೆ ನೋಡುತ್ತಾ ಕೇಳಿದ: “ಇಂಜಿನ್ ಯಾವಾಗ ಸ್ಟಾರ್ಟ್ ಆಗುತ್ತೆ?”

ನರ್ಸಮ್ಮ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಹಿಂದಿನಾಕೆ ಸೂಕ್ಷ್ಮದವಳು, ಯಾರಿಗೋ ಫೋನ್ ಮಾಡಬೇಕೆಂದು ನೆಪ ಹೇಳಿ ಇಳಿದುಹೋದಳು.

“ನಿಮಗೆ ಕೇಳಿಸ್ತಿಲ್ಲ ಅಲ್ವಾ?” ಅವಳು ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು.

ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಾ ಹೇಳಿದ:

“ಎರಡು ವರ್ಷ ಆಯ್ತು. ಮೊದಲು ಸಣ್ಣಪುಟ್ಟ ಸದ್ದು ಹೋಯ್ತು, ಆಮೇಲೆ ಒಂದೊಂದೇ. ಬಾನೆಟ್ ಮೇಲೆ ಕೈ ಇಟ್ಟು ನಡುಕ ನೋಡಿ, ಮಾತಾಡೋರ ತುಟಿ ನೋಡಿ ಹೇಗೋ ಸಂಭಾಳಿಸ್ತಿದ್ದೆ. ಬೆಲ್ಟ್ ಹರಿದ ದಿನ, ಹೊರಡೋಕೆ ಮುಂಚೆ ನೀನು ಕಾರು ಕೀಚ್ ಕೀಚ್ ಅಂತಿದೆ ಅಂದೆ, ನಾನು ಕಿವಿಗೊಟ್ಟೆ, ‘ಏನಿಲ್ಲ, ಹೋಗು’ ಅಂದೆ. ನನಗೆ ಕೇಳಿಸ್ಲೇ ಇಲ್ಲ ಕಣೇ. ಕಿವಿಮೇಸ್ತ್ರಿ ಅಂತ ಹೆಸರಿಟ್ಕೊಂಡು ಹೆಂಡತೀನ ಲಾರಿ ಬಾಯಿಗೆ ಕಳಿಸಿದ್ದೆ. ಇಂಜಿನ್ನೇ ಇಲ್ಲ ಅಂದ್ರೆ ನನ್ನ ಕಿವಿ ನಂಬ್ಕೊಂಡು ನೀನು ಗುಡ್ಡ ಹತ್ತಬೇಕಾಗಿಲ್ಲ.”

ಅವಳಿಗೆ ಅಳು ಬಂತು. ಆದರೆ ಅದು ದುಃಖದ ಅಳುವಲ್ಲ. ಕಿವಿ! ಬರೀ ಕಿವಿ! ಎದೆಯ ಮೇಲೆ ಕೂತಿದ್ದ ಬಂಡೆ ಸರಿದಂತಾಯಿತು. ತಿಂಗಳಿಡೀ ಮನಸ್ಸಿನಲ್ಲೇ ಅವನನ್ನು ಒಂದೊಂದು ವಾರ್ಡಿಗೂ ಸೇರಿಸಿ ಬಂದಿದ್ದಳು. ಕಿವಿ ಡಾಕ್ಟರ ಕೋಣೆಯೊಂದು ಮಾತ್ರ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಅಡುಗೆಮನೆಯಿಂದ ನಾಲ್ಕು ಸಲ ಕೂಗಿದರೂ ಗಂಡ ಓಗೊಡದಿದ್ದರೆ ಅದನ್ನು ಕಾಯಿಲೆ ಎಂದುಕೊಳ್ಳುವ ಹೆಂಡತಿ ಎಲ್ಲಾದರೂ ಇದ್ದಾಳೆಯೇ? ನರ್ಸಾದರೇನು, ಅವಳೂ ಅದನ್ನು ಕೊಬ್ಬು ಎಂದೇ ತಿಳಿದಿದ್ದಳು.

ಅವನ ಕಡೆ ಪೂರ್ತಿ ತಿರುಗಿ ಕೂತು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು: “ಎಲೆಕ್ಟ್ರಿಕ್ಕೇ ಇರಲಿ. ಹೋಗಿ ಬರೋಕೆ ಅದರ ಚಾರ್ಜು ಸಾಕು. ನೀವಿದ್ದೀರಿ ಅನ್ನೋ ಧೈರ್ಯಕ್ಕೆ ನಾನು ಹೈಬ್ರಿಡ್ ಅಂದಿದ್ದು. ಆದ್ರೆ ನಾಳೆ ನನ್ ಜೊತೆ ಬಂದು ಕಿವಿ ತೋರಿಸ್ಬೇಕು. ಮೆಷಿನ್ ಹಾಕ್ಕೊಳ್ಳಿ ಅಂದ್ರೆ ಹಾಕ್ಕೋಬೇಕು. ಗ್ಯಾರೇಜು ಮುಚ್ಚೋ ಮಾತು ಎತ್ತಿದ್ರೆ ನೋಡಿ!”

“ನಗಲ್ವಾ ಗಿರಾಕಿಗಳು?”

“ನಗ್ಲಿ. ಕನ್ನಡಕ ಹಾಕ್ಕೊಂಡು ಬರೋರೇ ಅಲ್ವಾ ಅವರೂ?”

ಮೇಸ್ತ್ರಿ ದೊಡ್ಡದೊಂದು ಉಸಿರು ಬಿಟ್ಟ. ಎರಡು ವರ್ಷದಿಂದ ಒಬ್ಬನೇ ಹೊತ್ತಿದ್ದದ್ದನ್ನು ಇಳಿಸಿ ಸೀಟಿಗೆ ಒರಗಿ ಕೂತ. ಮುಖದಲ್ಲಿ ಹಳೆಯ ಗೆಲುವು ಬಂತು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಾರು ತಿರುಗಿಸಲು ಹೊರಟವಳು, ಏನೋ ಹೊಳೆದು ಕೈ ತಡೆದಳು.

“ಒಂದ್ನಿಮಿಷ. ಕೇಳಿಸದೆ ಎರಡು ವರ್ಷ ಅಂದ್ರಿ. ನಮ್ಮ ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು. ಹಾಗಾದ್ರೆ ಅದಕ್ಕೂ ಮುಂಚೆ ನಾನು ಕೂಗಿದ್ದು?”

ಮೇಸ್ತ್ರಿ ಕಿಟಕಿಯ ಕಡೆ ಮುಖ ತಿರುಗಿಸಿದ.

“ಅದೆಲ್ಲಾ ಚೆನ್ನಾಗೇ ಕೇಳಿಸ್ತಿತ್ತು.”